ಟವೆಲ್ಲಿನ ಕೆಳಗೆ ನಾಲ್ಕು

ದಸ್ತಗೀರ ನದಾಫ ದನದ ಸಂತೆಯಲ್ಲಿ ನಿಂತು ಒಂದು ಕೂಗು ಹಾಕಿದನೆಂದರೆ, ಮೂರು ಹರದಾರಿ ಆಚೆ ಮಲಗಿದ್ದ ಎತ್ತು ತನ್ನನ್ನೇ ಕರೆದರೆಂದು ಹಗ್ಗ ಹರಿದುಕೊಂಡು ಬಂದು ಸಂತೆಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಇದನ್ನು ಸುಳ್ಳೆನ್ನುವವರು ಸಂಗಳದಾಳಕ್ಕೆ ಹೋಗಿ ಯಾವ ಎತ್ತನ್ನು ಬೇಕಾದರೂ ಕೇಳಬಹುದು. ಸಂತೆಯ ದಿನ ಆ ಊರಿನ ಮೇಲೆ ಹಾಯುವಾಗ ಗುಡುಗು ಕೂಡ ಮರ್ಯಾದೆಯಿಂದ ದನಿ ತಗ್ಗಿಸಿಕೊಂಡು ಹೋಗುತ್ತಿತ್ತು.

ಆದರೆ ದಲಾಲನ ನಿಜವಾದ ಬಂಡವಾಳ ಕಂಠವಲ್ಲ, ಕೈ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರು ಕೈ ಚಾಚುತ್ತಾರೆ, ಮೇಲೊಂದು ಟವೆಲ್ ಬೀಳುತ್ತದೆ, ಅದರಡಿಯಲ್ಲಿ ಬೆರಳು ಬೆರಳನ್ನು ಹಿಡಿದು ಮಾತಾಡುತ್ತದೆ. ಮೊದಲ ಹಿಡಿತದಲ್ಲಿ ಖರೇ ಹೇಳುವುದು ಅಲ್ಲಿ ಮಕ್ಕಳಾಟ. ಅರ್ಧ ಹೇಳಬೇಕು, ಹೇಳಿ ಹೆಬ್ಬೆರಳಿನಿಂದ ಎದುರಿನವನ ಅಂಗೈಯನ್ನು ಒಮ್ಮೆ ಉಜ್ಜಬೇಕು. ಇದು ಬರೇ ಬಾಗಿಲು ತೆರೆದದ್ದು, ಒಳಗೆ ಇನ್ನೂ ಇದೆ, ಕೇಳು ಎಂದು ಅದರ ಅರ್ಥ. ಎದುರಿನವ ಸಾಲದೆಂದು ಕೈ ಒದರಿ ಬಿಡಿಸಿಕೊಳ್ಳಬೇಕು, ಎದ್ದು ನಾಲ್ಕು ಹೆಜ್ಜೆ ಹೋಗಬೇಕು, ತಿರುಗಿ ಬರಬೇಕು. ಮೊದಲ ಮಾತಿಗೇ ಹೂಂ ಎಂದವನಿಗೆ ತಲೆ ಸರಿಯಿಲ್ಲ, ಇಲ್ಲವೇ ಆ ದನ ಬೇಕಾಗಿಲ್ಲ. ಮೂರನೆಯವರು ನಡುವೆ ಬಾಯಿ ಹಾಕುವಂತಿಲ್ಲ, ಹೆಂಡತಿಯಾದರೂ ಸರಿ. ತನಗೆ ಬೇಕೇ ಬೇಕೆಂಬ ಗರಜು ತೋರಿಸಿದವ ಸೋತ. ಟವೆಲ್ಲಿನ ಕೆಳಗೆ ಭೂಮಿಯೇ ಬಿರಿದರೂ ಮೇಲೆ ಮುಖ ಮಾತ್ರ, ಮೋಡ ಯಾವ ಕಡೆ ಹೊರಟಿದೆ ಎಂದು ನೋಡುವವನ ಮುಖವಾಗಿರಬೇಕು. ದಸ್ತಗೀರನ ಮುಖವನ್ನು ಓದಲು ಹೋಗಿ ಗುರುಪಾದಪ್ಪ ಹಂಚಿನಾಳನಂಥ ಹಳೇ ಹುಲಿ, ಅವನ ಜನ್ಮದ ಎದುರಾಳಿ, ಕನ್ನಡಕದ ನಂಬರು ಬದಲಿಸಿಕೊಂಡಿದ್ದ.

ಅಂಥವನ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ತಂಬಾಕು ಸುಣ್ಣ ಮಾಡಿದ ಗಾಯವೆಂದು ಜೇನುತುಪ್ಪ ಹಚ್ಚಿದರು, ದರ್ಗಾದ ಬೂದಿ ಹಚ್ಚಿದರು. ಕಡೆಗೆ ಶಹರದ ಡಾಕ್ಟರರು ನಾಲಿಗೆಯನ್ನೇ ತೆಗೆದರು. ಕುತ್ತಿಗೆಯ ಗಂಟುಗಳನ್ನೂ ತೆಗೆದರು. ವಿಕಿರಣ ಕೊಡುವ ಮೊದಲು ಹಲ್ಲುಗಳನ್ನೂ ತೆಗೆದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದವ ಈಗ ಕನ್ನಡಿಯ ಮುಂದೆ ತನ್ನ ಬಾಯಿ ಬಿಡಲು ಹೋದರೆ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಬಲ ಭುಜ ಸೋರಿದ ಗೋಡೆಯಂತೆ ಕೆಳಗೆ ಜಗ್ಗಿತ್ತು. ದನಿ ಇತ್ತು, ಮಾತಿರಲಿಲ್ಲ.

ಅವನ ಹಿಂದೆಯೇ ಮನೆಗೆ ಒಂದು ಪೆಟ್ಟಿಗೆ ಬಂತು. ಶಹರದ ದೂರ ಆರೈಕೆ ಕೇಂದ್ರದವರು ತಂದು ಪಡಸಾಲೆಯಲ್ಲಿ ಕೂರಿಸಿದರು. ಅದರಲ್ಲಿ ಒಂದು ಪರದೆ, ಮುಖ ನೋಡುವ ಒಂದು ಕಣ್ಣು, ಮತ್ತು ಒಂದು ಕೈ. ಮೊಣಕೈತನಕ ಮೆತ್ತನೆಯ ರಬ್ಬರು, ಒಳಗೆ ಕೂದಲಿಗಿಂತ ಸಣ್ಣ ತಂತಿಗಳು, ಮುಟ್ಟಿದರೆ ಬೆಚ್ಚಗೆ. ಶಹರದಲ್ಲಿ ಅದರ ಜೋಡಿಯಾಗಿ ಒಂದು ಕೈಗವಸು. ಅಲ್ಲಿ ನರ್ಸು ಗವಸು ತೊಟ್ಟು ಬೆರಳು ಮಡಿಚಿದರೆ ಇಲ್ಲಿ ರಬ್ಬರಿನ ಬೆರಳು ಮಡಿಚುತ್ತಿತ್ತು. ಇಲ್ಲಿ ರೋಗಿ ಹಿಡಿದರೆ ಅಲ್ಲಿ ಅವಳಿಗೆ ಹಿಡಿದಂತಾಗುತ್ತಿತ್ತು. ಬಸ್ಸು ಹತ್ತಿ ಒದ್ದಾಡಿಕೊಂಡು ಶಹರಕ್ಕೆ ಬರುವ ಬದಲು ಹಳ್ಳಿಯ ಕ್ಯಾನ್ಸರ್ ರೋಗಿಗಳು ಮನೆಯಲ್ಲೇ ಕುಳಿತು ವ್ಯಾಯಾಮ ಮಾಡಲಿ, ನೋವು ಹೇಳಲಿ ಎಂದು ಈ ಉಪಾಯ.

ಊರಿಗೆ ಊರೇ ಬಂದು ರಬ್ಬರಿನ ಕೈ ಕುಲುಕಿತು. ಒಬ್ಬ ಮುದುಕಿ ಅದರ ಅಂಗೈ ತಿರುವಿ ನೋಡಿ, ಇದಕ್ಕೆ ಆಯುಷ್ಯದ ಗೆರೆಯೇ ಇಲ್ಲವಲ್ಲ ಎಂದು ಮರುಗಿದಳು. ಪೈಲ್ವಾನನೊಬ್ಬ ಪಂಜಾ ಹಿಡಿದ. ಅತ್ತ ಕೇಂದ್ರದ ಏಳನೇ ಅಂತಸ್ತಿನಲ್ಲಿ ನರ್ಸು ಕುರ್ಚಿ ಸಮೇತ ಎದ್ದು ಹಾರಿದಳಂತೆ.

ನರ್ಸಿನ ಹೆಸರು ಫ್ಲೇವಿಯಾ, ಕರಾವಳಿಯವಳು. ಮೊದಲ ದಿನ ಪರದೆಯಲ್ಲಿ ಕಾಣಿಸಿಕೊಂಡು ನಿಯಮ ತಿಳಿಸಿದಳು. ದಿನಾ ಹಾಲು ಕರೆಯುವ ಹೊತ್ತು ಮುಗಿದ ಮೇಲೆ ಕೈ ಹಿಡಿಯಬೇಕು, ವ್ಯಾಯಾಮ ಮಾಡಬೇಕು, ಕೊನೆಗೆ ನೋವೆಷ್ಟು ಎಂದು ಬೆರಳು ಹಿಡಿದು, ಐದು ದಾಟಿದರೆ ಎರಡು ಸಲ ಹಿಡಿದು, ಹೇಳಬೇಕು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ ನೋವು. ಆರು ದಾಟಿದರೆ ತಪಾಸಣೆಯ ವ್ಯಾನು ಮನೆಬಾಗಿಲಿಗೆ ಬರುತ್ತದೆ. ರೋಗ ಮರಳಿದರೆ ಮೊಳಕೆಯಲ್ಲೇ ಹಿಡಿದು ಇನ್ನೊಮ್ಮೆ ಕೊಯ್ದು ತೆಗೆಯಬಹುದು, ಬಿಟ್ಟರೆ ಆಗುವುದಿಲ್ಲ. ಇದನ್ನು ಅವಳು ಎರಡೆರಡು ಸಲ ಹೇಳಿದಳು. ದಸ್ತಗೀರನಿಗೂ ಅವನ ಹೆಂಡತಿ ಮಾಬವ್ವನಿಗೂ ಚೆನ್ನಾಗಿಯೇ ಅರ್ಥವಾಯಿತು.

ಪರಹೆಂಗಸಿನ ಕೈ, ಅದೂ ಪಡಸಾಲೆಯಲ್ಲಿ, ಹೆಂಡತಿಯ ಎದುರು. ದಸ್ತಗೀರ ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಗಳ ಮೇಲೆ ಹೊದಿಸಿದ. ಪೆಟ್ಟಿಗೆಯ ಕಣ್ಣಿಗೆ ಅವನ ಮುಖವಷ್ಟೇ ಉಳಿಯಿತು. ಆ ಮುಖ ಮೋಡ ನೋಡುತ್ತಿತ್ತು.

ಟವೆಲ್ ಬಿದ್ದದ್ದೇ ತಡ, ಅವನ ಕೈ ತನ್ನ ಹಳೇ ಕೆಲಸಕ್ಕೆ ಇಳಿಯಿತು. ಆಗ ಅವನ ಗಾಯಗಳಿನ್ನೂ ಹಸಿ, ಎಂಟರ ನೋವು. ಅವನು ನಾಲ್ಕು ಬೆರಳು ಹಿಡಿದ. ಹೆಬ್ಬೆರಳಿನಿಂದ ರಬ್ಬರಿನ ಅಂಗೈ ಉಜ್ಜಿದ. ಅತ್ತಣಿಂದ ಕೈ ಒದರಲಿಲ್ಲ, ಎದ್ದು ಹೋಗಲಿಲ್ಲ. ಬೆಚ್ಚಗೆ ಅವನ ಹೆಬ್ಬೆರಳನ್ನು ಸವರಿ, “ಒಳ್ಳೇದಾಯ್ತು ದಸ್ತಗೀರಣ್ಣ, ನಾಲ್ಕೇ ಉಂಟಲ್ಲ,” ಎಂದಳು ಫ್ಲೇವಿಯಾ.

ಘಾಟಿ ವ್ಯಾಪಾರಸ್ಥೆ, ಎಂದುಕೊಂಡ ದಸ್ತಗೀರ. ಮೊದಲ ದಿನವೇ ಗರಜು ತೋರಿಸುವವಳಲ್ಲ. ನಿಧಾನಕ್ಕೆ ಕುದುರಿಸುತ್ತಾಳೆ.

ಅತ್ತ ಕೇಂದ್ರದಲ್ಲಿ ನೂರಾರು ಹಳ್ಳಿಗಳ ಮನೆಗಳು ಗೋಡೆಯ ಮೇಲೆ ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಹಸಿರು ಕ್ಷೇಮ, ಹಳದಿ ಎಚ್ಚರ, ಕೆಂಪಾದರೆ ವ್ಯಾನು. ಬಣ್ಣ ಹಾಕುತ್ತಿದ್ದದ್ದು ಯಂತ್ರ. ಅದು ಮಹಾ ಬುದ್ಧಿವಂತ. ಹೆರಿಗೆಗೆ ಮೊದಲೇ ಮಗುವಿನ ಜಾತಕದ ತಪ್ಪು ತಿದ್ದುವಷ್ಟು ಬುದ್ಧಿ ಅದಕ್ಕಿದೆಯೆಂದು ಅದನ್ನು ನೋಡಿಕೊಳ್ಳುತ್ತಿದ್ದ ಸುಘೋಷ ಎಂಬ ಎಂಜಿನಿಯರ್ ನಂಬಿದ್ದ. ಒಬ್ಬನ ಮೂರು ಇನ್ನೊಬ್ಬನಿಗೆ ಏಳು ಎಂಬುದು ಅದಕ್ಕೆ ಗೊತ್ತಿತ್ತು. ಆದ್ದರಿಂದ ಮೊದಲ ತಿಂಗಳು ಅದು ಶಿಷ್ಯನಂತೆ ಕುಳಿತು ಕಲಿಯುತ್ತಿತ್ತು: ರಬ್ಬರಿನ ಕೈ ಹಿಡಿದು ಈ ಮನುಷ್ಯ ನಾಲ್ಕು ಎಂದಾಗ ಇವನ ನಾಡಿ ಹೇಗೆ ಹಾರುತ್ತದೆ, ಅಂಗೈ ಎಷ್ಟು ಬೆವರುತ್ತದೆ, ಸ್ನಾಯು ಎಷ್ಟು ನಡುಗುತ್ತದೆ. ಮುಂದೆ ಮೈ ಹಾಗೆ ನಡುಗಿದಾಗಲೆಲ್ಲ, ಓಹೋ ಇದು ಇವನ ನಾಲ್ಕು, ಎಂದು ತಾನೇ ತೀರ್ಮಾನಿಸುತ್ತಿತ್ತು. ದಸ್ತಗೀರನ ಎಂಟನ್ನು ಅದು ನಾಲ್ಕು ಎಂದು ಕಲಿಯಿತು. ಬಹಳ ಚೆನ್ನಾಗಿ ಕಲಿಯಿತು.

ಆ ಮೊದಲ ತಿಂಗಳುಗಳು ಒಳ್ಳೆಯವಾಗಿದ್ದವು ಎಂಬುದೇ ಈಗ ನೆನೆದರೆ ಹೆಚ್ಚು ಸಂಕಟ. ಗಾಯ ಮಾಗಿತು, ನೋವು ನಿಜವಾಗಿಯೇ ಇಳಿಯಿತು. ರಬ್ಬರಿನ ಕೈ ಅವನ ಕೈಯನ್ನು ಹಿಡಿದು ಮೆಲ್ಲಗೆ ಮೇಲೆತ್ತುತ್ತಿತ್ತು. ಜಗ್ಗಿದ ಭುಜ ಒಂದೊಂದೇ ಅಂಗುಲ ಏರಿತು. ಐಸ್‌ಕ್ರೀಮಿನ ಕಡ್ಡಿಗಳನ್ನು ಜೋಡಿಸಿ ದವಡೆಯ ನಡುವೆ ಇಟ್ಟು ಬಾಯಿ ಹಿಗ್ಗಿಸುವುದನ್ನು ಫ್ಲೇವಿಯಾ ಕಲಿಸಿದಳು. ಒಂದು ಬೆರಳು ತೂರುತ್ತಿದ್ದ ಬಾಯಿಗೆ ಎರಡು ಬೆರಳು ತೂರಿತು. ಗದ್ದ ಎದೆಗೊತ್ತಿ ನುಂಗುವುದನ್ನು ಕಲಿತು, ಒಂದು ದಿನ ಮಾಬವ್ವ ಮಾಡಿದ ಜೋಳದ ನುಚ್ಚಿನ ಅಂಬಲಿಯನ್ನು ಅವನು ಬಟ್ಟಲು ಪೂರ್ತಿ ನುಂಗಿದ. ಮಾಬವ್ವ ಅಷ್ಟಕ್ಕೇ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಸಕ್ಕರೆಗೆ ಬಂದ ಇರುವೆಗಳು ಆ ವರ್ಷ ಊರು ಬಿಟ್ಟು ಹೋಗಲೇ ಇಲ್ಲ.

ಕೇಂದ್ರದಲ್ಲಿ ಊಟದ ಹೊತ್ತಿಗೆ ಫ್ಲೇವಿಯಾ ಜೊತೆಯವರಿಗೆ ದಸ್ತಗೀರನ ಸುದ್ದಿಯನ್ನೇ ಹೇಳುತ್ತಿದ್ದಳು. ತನ್ನ ರೋಗಿಗಳಲ್ಲೆಲ್ಲ ಧೈರ್ಯಸ್ಥ ಅವನೇ ಎನ್ನುತ್ತಿದ್ದಳು. ದಿನಾ ಅಂಗೈ ಉಜ್ಜಿ ಆಶೀರ್ವಾದ ಮಾಡುತ್ತಾನಂತೆ.

ಜೋಳ ತೆನೆ ಹಿಡಿಯುವ ಕಾಲಕ್ಕೆ ಬಲಗಿವಿಯ ಕೆಳಗೆ, ಒಳಗೆಲ್ಲೋ ಆಳದಲ್ಲಿ, ಯಾರೋ ಮೊಳೆ ಹೊಡೆದಂತಾಯಿತು. ಮೇಲೆ ನೋಡಿದರೆ ಏನೂ ಇಲ್ಲ. ವಿಕಿರಣಕ್ಕೆ ಹಲಗೆಯಂತಾದ ಚರ್ಮ ಎಲ್ಲವನ್ನೂ ಮುಚ್ಚಿತ್ತು. ದಸ್ತಗೀರನಿಗೆ ಅದೇನೆಂದು ತಿಳಿಯಿತು. ದನದ ಮೈಯಲ್ಲಿ ಕಾಣದ ರೋಗವನ್ನು ಅದರ ನಿಲುವಿನಿಂದ ಹೇಳುತ್ತಿದ್ದವನಿಗೆ ತನ್ನದು ತಿಳಿಯದೆ? ಅವನಿಗೆ ವ್ಯಾನು ಬೇಕಾಗಿತ್ತು. ಇನ್ನೊಮ್ಮೆ ಕೊಯ್ಯಲಿ, ಏನು ಬೇಕಾದರೂ ತೆಗೆಯಲಿ, ಮಾಬವ್ವನ ಎದುರು ಕುಳಿತು ಅಂಬಲಿ ಕುಡಿಯುವಷ್ಟು ಉಳಿದರೆ ಸಾಕಾಗಿತ್ತು.

ಅವತ್ತು ಟವೆಲ್ಲಿನ ಕೆಳಗೆ ನಾಲ್ಕು ಹಿಡಿದ. ಹೆಬ್ಬೆರಳನ್ನು ಒಮ್ಮೆಯಲ್ಲ, ಎರಡು ಸಲ ಉಜ್ಜಿದ. ಕೇಳು, ಎಂದ ಹಾಗೆ.

“ನಾಲ್ಕಾ? ಸ್ವಲ್ಪ ಏರಿದೆ, ಹವೆ ಬದಲಾಗಿದೆಯಲ್ಲ,” ಎಂದು ಫ್ಲೇವಿಯಾ ಮಾತ್ರೆ ಒಂದನ್ನು ಹೆಚ್ಚಿಸಿ, ಅಂಗೈ ತಟ್ಟಿ ಬಿಟ್ಟಳು. ನಾಡಿ ಹಾರುವುದನ್ನೂ ಅಂಗೈ ಬೆವರುವುದನ್ನೂ ಯಂತ್ರ ನೋಡಿತು. ಇದು ಇವನ ನಾಲ್ಕು ಎಂದು ಗುರುತು ಹಿಡಿಯಿತು. ಚುಕ್ಕೆಯನ್ನು ಹಸಿರಾಗಿಯೇ ಬಿಟ್ಟಿತು. ಹಸಿರು ಇದ್ದವರಿಗೆ ಆರು ತಿಂಗಳ ತಪಾಸಣೆಯನ್ನೂ ಮುಂದಕ್ಕೆ ಹಾಕುವುದು ಅಲ್ಲಿಯ ಪದ್ಧತಿ. ಅಷ್ಟು ದೂರ ಬಸ್ಸಿನಲ್ಲಿ ಯಾಕೆ ಕುಲುಕಿಸಬೇಕೆಂಬ ದಯೆ.

ಮರುದಿನವೂ ನಾಲ್ಕು. ಅದರ ಮರುದಿನವೂ. ಆ ಕೈ ಒದರಲೆಂದು ಅವನು ಕಾದ, ಅದು ಅಂಗೈ ತಟ್ಟಿತು. ಹೀಗೆ ಜೋಳದ ತೆನೆ ಬಲಿತು, ಕೊಯ್ಲಾಯಿತು. ದಸ್ತಗೀರನಿಗೆ ಮೆಲ್ಲಗೆ ಒಂದು ಅರ್ಥ ಹೊಳೆಯಿತು, ಅದು ಮೊಳೆಗಿಂತ ಚೂಪಾಗಿತ್ತು. ಮೊದಲ ಮಾತಿಗೇ ಹೂಂ ಎನ್ನುವವರಿಗೆ ಆ ದನ ಬೇಕಾಗಿಲ್ಲ. ಶಹರದವರು ತನ್ನ ಬಾಯಿ ಬಿಡಿಸಿ ನೋಡಿಯಾಗಿದೆ. ಹಲ್ಲಿಲ್ಲದ ಎತ್ತು, ಭುಜ ಬಿದ್ದ ಎತ್ತು. ಗೂಟಕ್ಕೆ ಕಟ್ಟಿ ಮೈ ಸವರಿ ಬಿಟ್ಟಿದ್ದಾರೆ. ಸರಿ. ಬೇಡವೆಂದವನ ಮುಂದೆ ಗರಜು ತೋರಿಸಿ ಅಂಗಲಾಚಿ ಬೆಲೆ ಏರಿಸುವ ದಲಾಲ ಆ ಸಂತೆಯಲ್ಲಿ ಹುಟ್ಟಿರಲಿಲ್ಲ.

ಮಾಬವ್ವ ಕಣ್ಣಿದ್ದವಳು. ಅವನು ಬಲಮಗ್ಗುಲಿಗೆ ಮಲಗುವುದನ್ನು ಬಿಟ್ಟದ್ದು, ಅಂಬಲಿ ಬಟ್ಟಲಲ್ಲೇ ಕೆನೆಗಟ್ಟುವುದು ಅವಳಿಗೆ ಕಾಣುತ್ತಿತ್ತು. ಒಂದು ದಿನ ನೆಲ ಸಾರಿಸುತ್ತ ತಲೆ ಎತ್ತದೆ ಕೇಳಿದಳು.

“ಆ ನರ್ಸ್ ಬಾಯಾರಿಗೆ ನೆಟ್ಟಗ ಹೇಳೀರಿಲ್ಲೋ?”

ದಸ್ತಗೀರ ತಲೆಯಾಡಿಸಿದ. ಹೇಳಿದ್ದೇನೆ. ಅವನ ಮಟ್ಟಿಗೆ ಅದು ದೇವರಾಣೆಗೂ ಸತ್ಯವಾಗಿತ್ತು.

“ಮತ್ತ ಗಾಡಿ ಯಾಕ ಬರವಲ್ತು? ನಾನಾ ಕೇಳ್ಲೇನು?”

ಅವನು ಕೈ ಎತ್ತಿ ತಡೆದ. ಅವಳು ಬಾಯಿ ಮುಚ್ಚಿದಳು. ದಲಾಲನ ಹೆಂಡತಿ; ನಡೆಯುತ್ತಿರುವ ವ್ಯಾಪಾರದಲ್ಲಿ ಒಂದು ದಿನವೂ ಬಾಯಿ ಹಾಕಿದವಳಲ್ಲ. ಮರುದಿನ ಪರದೆಯಲ್ಲಿ ಫ್ಲೇವಿಯಾ ಹೇಗಿದ್ದೀರಿ ಎಂದಾಗ ಮಾಬವ್ವ ಸೆರಗು ಸರಿಪಡಿಸಿಕೊಂಡು, ಅರಾಮ ಅದೀವ್ರಿ ಎಂದು ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಕೈಬಿಟ್ಟವರ ಮುಂದೆ ಅಳಬಾರದೆಂದು ಅವಳಿಗೂ ಛಲವಿತ್ತು.

ಗುರುಪಾದಪ್ಪ ಬಂದದ್ದು ಆಮೇಲೆ. ಮಗಳ ಊರಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದವ, ಊರಿಗೆ ಬಂದವನೇ ಗೆಳೆಯನನ್ನು ನೋಡಲು ಹೊರಟ. ಅವನು ಓಣಿಗೆ ಕಾಲಿಟ್ಟರೆ ಮೀಸೆ ಮೊದಲು ಮನೆ ಹೊಕ್ಕು ಕುಶಲ ಕೇಳುತ್ತಿತ್ತು, ಮನುಷ್ಯ ಹಿಂದಿನಿಂದ ಬರುತ್ತಿದ್ದ. ದಸ್ತಗೀರನ ಎದುರು ಕುಳಿತು ಕೈ ಚಾಚಿದ. ದಸ್ತಗೀರ ಟವೆಲ್ ಹಾಕಿದ. ನಲವತ್ತು ವರ್ಷ ಒಬ್ಬರನ್ನೊಬ್ಬರು ಏಮಾರಿಸಿಕೊಂಡು ಬಂದ ಎರಡು ಕೈಗಳು. ಹ್ಯಾಂಗದೀ, ಹತ್ತಕ್ಕೆ ನೋವೆಷ್ಟು ಎಂದು ಗುರುಪಾದಪ್ಪನ ಬೆರಳು ಕೇಳಿತು. ದಸ್ತಗೀರನದು ನಾಲ್ಕು, ಹೆಬ್ಬೆರಳು.

ಗುರುಪಾದಪ್ಪನ ಮೀಸೆ ನಿಂತಲ್ಲೇ ಇಳಿಯಿತು. ಅವನು ಕೈ ಒದರಿದ. ಮತ್ತೆ ಹಿಡಿದ. ಆರು. ಮತ್ತೆ ಒದರಿದ. ಎಂಟು ಎಂದು ಬೆರಳು ಒಪ್ಪಿಕೊಂಡಾಗ ಅವನು ಟವೆಲ್ಲಿನ ಮೇಲಿಂದಲೇ ಆ ಕೈಯನ್ನು ತನ್ನ ಇನ್ನೊಂದು ಕೈಯಿಂದ ಮುಚ್ಚಿ ಹಿಡಿದ.

“ಯಾರಿಗಾದ್ರೂ ಹೇಳಿಯೇನಲೇ?”

ದಸ್ತಗೀರ ಪೆಟ್ಟಿಗೆಯತ್ತ ಗದ್ದ ತೋರಿಸಿದ. ದಿನಾ ಹೇಳುತ್ತೇನೆ. ಅವರಿಗೆ ಬೇಡ.

ಪೆಟ್ಟಿಗೆಯ ಪರದೆ ಬೆಳಗುವ ಹೊತ್ತಿಗೆ ರಬ್ಬರಿನ ಕೈಯ ಮುಂದೆ ಗುರುಪಾದಪ್ಪ ಕುಳಿತಿದ್ದ. ಫ್ಲೇವಿಯಾ ಬೆಚ್ಚಿ, ದಸ್ತಗೀರಣ್ಣ ಎಲ್ಲಿ ಎಂದಳು. ಅವನು ಜೋರು ಮಾಡಲಿಲ್ಲ. ಮಾಡಿದ್ದರೆ ಆ ಪರದೆ ಉಳಿಯುತ್ತಿರಲಿಲ್ಲ.

“ಇಲ್ಲೇ ಅದಾನ್ರಿ ತಂಗಿ. ಅವ ದಿನಾ ನಾಲ್ಕು ಹಿಡದು ನಿಮ್ಮ ಅಂಗೈ ತಿಕ್ಕತಾನಲ್ರಿ. ತಿಕ್ಕೂದು ಏನಂತ ತಿಳಕೊಂಡೀರಿ?”

“ಅದು... ಆಶೀರ್ವಾದ ಮಾಡ್ತಾರೆ ಅಂತ.”

“ನಮ್ಮ ಸಂತ್ಯಾಗ ಹಂಗ ತಿಕ್ಕಿ ನಾಲ್ಕಂದ್ರ ಎಂಟ್ರಿ. ಕೇಳ್ರಿ ಅಂತ ಕರೀಯೂದು ಅದು. ನೀವು ಕೇಳಲೇ ಇಲ್ಲ.”

ಏಳನೇ ಅಂತಸ್ತಿನಲ್ಲಿ ಫ್ಲೇವಿಯಾ ಗವಸು ತೊಟ್ಟ ತನ್ನ ಅಂಗೈಯನ್ನು ನೋಡಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಮಾಬವ್ವ ಸೆರಗು ಸರಿಪಡಿಸಿಕೊಳ್ಳದೆಯೇ ಪರದೆಯ ಮುಂದೆ ಬಂದು ನಿಂತಳು.

ವ್ಯಾನು ಅವತ್ತೇ ಬಂತು. ಧೂಳೆಬ್ಬಿಸಿಕೊಂಡು, ಗಾಳಿಯನ್ನೇ ಹಿಂದೆ ಹಾಕಿ ಬಂತೆಂದು ಜನ ಈಗಲೂ ಹೇಳುತ್ತಾರೆ. ಆದರೂ ತಡವಾಗಿತ್ತು. ಕಿವಿಯ ಕೆಳಗಿನ ಗಡ್ಡೆ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಸುಗ್ಗಿಗೆ ಮೊದಲು ಬಂದಿದ್ದರೆ ಕೊಯ್ಯಬಹುದಿತ್ತು ಎಂದು ಡಾಕ್ಟರರು ಹೇಳಿದರು. ಆಮೇಲೆ, ಹೇಳಬಾರದಿತ್ತೇನೋ ಎಂಬಂತೆ ಕನ್ನಡಕ ಒರೆಸಿಕೊಂಡರು. ಇನ್ನು ಮನೆಯಲ್ಲೇ ಇರಲಿ, ನೋವಿಗೆ ಔಷಧ ಕೊಡುತ್ತ ಹೋಗೋಣ ಎಂದರು.

ಸುಘೋಷ ದಸ್ತಗೀರನ ಆ ತಿಂಗಳುಗಳ ನಾಡಿ, ಬೆವರಿನ ಗೆರೆಗಳನ್ನೆಲ್ಲ ಗೋಡೆಯ ಮೇಲೆ ಹರಡಿದ. ಯಂತ್ರದ ತಪ್ಪೇನಿಲ್ಲ, ಅದಕ್ಕೆ ಹೇಳಿಕೊಟ್ಟದ್ದನ್ನು ಅದು ಕಲಿತಿದೆ ಎಂದು ವಾದಿಸಲು ಬಂದವ, ನೋಡುತ್ತ ನೋಡುತ್ತ ಕುರ್ಚಿ ಎಳೆದು ಕುಳಿತ. ಸುಗ್ಗಿಯ ಉದ್ದಕ್ಕೂ ಆ ಮೈ ದಿನದಿನವೂ ಕಿರುಚಿತ್ತು; ದಿನದಿನವೂ ಯಂತ್ರ ಅದಕ್ಕೆ ಹಸಿರು ಬಳಿದಿತ್ತು. ಆ ತಾಲೂಕಿನವರು ಹೇಳಿದ ಅಂಕಿಯನ್ನು ಇನ್ನು ಮೇಲೆ ಇಮ್ಮಡಿ ಮಾಡುವಂತೆ ತಿದ್ದಿಬಿಡುತ್ತೇನೆ ಎಂದ. ಅದೇ ತಾಲೂಕಿನಲ್ಲಿ ಸಂತೆಯ ಮುಖ ನೋಡದ ಮುದುಕಿಯರೂ ಇದ್ದಾರೆ, ಅವರ ನಾಲ್ಕು ನಾಲ್ಕೇ ಎಂದಳು ಫ್ಲೇವಿಯಾ. ಹಾಗಾದರೆ ಏನು ಮಾಡೋಣ ಎಂದು ಅವನು ಕೇಳಿದ. ಕೇಳುವುದನ್ನು ನಾವು ಕಲಿಯಬೇಕು ಎಂದು ಅವಳೆಂದಳು. ಅದಕ್ಕೆ ಯಾವ ಗುಂಡಿ ಒತ್ತಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಮುಂದಿನ ವಾರಗಳಲ್ಲಿ ದಸ್ತಗೀರ ಮಲಗಿದ ಹೊತ್ತು ನೋಡಿಕೊಂಡು ಗುರುಪಾದಪ್ಪ ರಬ್ಬರಿನ ಕೈ ಹಿಡಿದು ಫ್ಲೇವಿಯಾಳಿಗೆ ಪಾಠ ಹೇಳಿದ. ಎಲ್ಲಿ ಒದರಬೇಕು, ಎಷ್ಟು ದೂರ ಎದ್ದು ಹೋಗಬೇಕು, ತಿರುಗಿ ಬರುವಾಗ ಮುಖ ಎತ್ತ ಇರಬೇಕು. ಮೊದಲ ಮಾತಿಗೆ ಹೂಂ ಎಂದರೆ ಅವನಿಗೆ ಅವಮಾನ ಎಂದ. ಅವಳು ಕಲಿತ ಚುರುಕಿಗೆ, ಈಕೆಯನ್ನು ಸಂತೆಗೆ ಬಿಟ್ಟರೆ ನಾಳೆಗೇ ನಮ್ಮ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಎಂದು ಮೀಸೆಯೊಳಗೇ ಗೊಣಗಿದ.

ಆಮೇಲೆ ಒಂದು ದಿನ ಅವಳು ಗವಸು ಕಳಚಿಟ್ಟು, ರಜೆ ಹಾಕಿ, ಹೊಸ ಔಷಧದ ಚೀಲ ಹಿಡಿದು ಬಸ್ಸು ಹತ್ತಿದಳು.

ಮಧ್ಯಾಹ್ನದ ಬಿಸಿಲಿಗೆ ಪಡಸಾಲೆ ಝಗಝಗ ಹೊಳೆಯುತ್ತಿತ್ತು. ದಸ್ತಗೀರ ದಿಂಬಿಗೊರಗಿ ಕೂತಿದ್ದ. ಮೈ ಕರಗಿ, ಎಲುಬಿನ ಮೇಲೆ ಅಂಗಿ ಒಣಹಾಕಿದಂತಿದ್ದ. ಬಾಗಿಲಲ್ಲಿ ನಿಂತವಳನ್ನು ಗುರುತಿಸಿ ಕಣ್ಣು ಕಿರಿದು ಮಾಡಿದ. ಅವಳು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ ಮುಖ ನೋಡಿದ ಮೇಲೆ ಅವೆಲ್ಲ ಬೇಡವೆನಿಸಿ, ಎದುರು ಕುಳಿತು ಕೈ ಚಾಚಿದಳು. ರಬ್ಬರಿನದಕ್ಕಿಂತ ಚಿಕ್ಕ ಕೈ; ಪ್ರಯಾಣದ ಬೆವರಿತ್ತು.

ಅವನು ಟವೆಲ್ ಹಾಕಿದ. ನಾಲ್ಕು. ಹೆಬ್ಬೆರಳು.

ಫ್ಲೇವಿಯಾ ಕೈ ಒದರಿದಳು. “ಆಗ್ಲಿಕ್ಕಿಲ್ಲ,” ಎಂದು ಎದ್ದು ಹೊಸ್ತಿಲತನಕ ಹೋದಳು. ಮಾಬವ್ವ ಗಾಬರಿಯಾಗಿ ನೋಡಿದಳು. ಅವಳು ತಿರುಗಿ ಬಂದು, ಮುಖವನ್ನು ಕಿಟಕಿಯತ್ತ ಇಟ್ಟು ಮತ್ತೆ ಕೈ ಒಳಗೆ ಹಾಕಿದಳು. ಐದು ಎಂದಿತು ಅವನ ಕೈ. ಮತ್ತೆ ಒದರಿದಳು. ದಸ್ತಗೀರನ ಎದೆಯೊಳಗಿಂದ ಒಂದು ಸದ್ದು ಬಂತು. ಅದು ನಗು ಎಂದು ಮಾಬವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಂಥ ವ್ಯಾಪಾರ ಆ ಸಂತೆಯ ಚರಿತ್ರೆಯಲ್ಲೇ ನಡೆದಿರಲಿಲ್ಲ. ಮೂವತ್ತೆರಡು ಹಲ್ಲಿನ ಹೋರಿಗೂ ಯಾರೂ ಅಷ್ಟು ಹೊತ್ತು ಜಗ್ಗಾಡಿರಲಿಲ್ಲ. ಚಹಾ ಆರಿತು. ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ಆರು. ಆಗಲಿಕ್ಕಿಲ್ಲ. ಏಳು. ಆಗಲಿಕ್ಕಿಲ್ಲ. ಅವನು ಬೇಕೆಂದೇ ನಿಧಾನ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಅವಳೂ ಅವಸರ ಮಾಡಲಿಲ್ಲ.

ಕಡೆಗೆ ಅವನೇ ಟವೆಲ್ ಎಳೆದು ಪಕ್ಕಕ್ಕಿಟ್ಟ. ವ್ಯಾಪಾರ ಮುಗಿಯದೆ ಯಾವ ದಲಾಲನೂ ಮಾಡದ ಕೆಲಸ ಅದು. ಎರಡೂ ಕೈಗಳನ್ನು, ಜಗ್ಗಿದ ಭುಜದ ಕೈಯನ್ನೂ, ಎದೆಯ ಮಟ್ಟಕ್ಕೆ ಎತ್ತಿ ಬೆರಳು ಬಿಚ್ಚಿ ತೋರಿಸಿದ. ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರು. ಒಂಬತ್ತು.

ಫ್ಲೇವಿಯಾ ಚೀಲ ತೆರೆದು, ತಲೆ ಬಗ್ಗಿಸಿಕೊಂಡು, ಒಂಬತ್ತಕ್ಕೆ ತಕ್ಕ ಔಷಧವನ್ನು ಸಿರಿಂಜಿಗೆ ಎಳೆಯತೊಡಗಿದಳು.

ಮಾಬವ್ವ ಆ ಬೆರಳುಗಳನ್ನೇ ನೋಡುತ್ತ ಬಂದು ಅವನ ಪಕ್ಕ ಕುಳಿತಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಖರೇ ಬೆಲೆಯನ್ನು ಅವಳು ಕಂಡದ್ದು ಅದೇ ಮೊದಲು. ಅವನ ಕೈಗಳನ್ನು ತನ್ನ ಮಡಿಲಿಗೆ ಇಳಿಸಿಕೊಂಡು, ಒಂಬತ್ತನ್ನು ಎಂಟಕ್ಕೆ, ಏಳಕ್ಕೆ ಇಳಿಸುವವಳಂತೆ ಎತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಚುತ್ತ ಹೋದಳು. ಫ್ಲೇವಿಯಾ ಚುಚ್ಚಿದ ಔಷಧ ಮೈಗೆ ಏರುತ್ತಿತ್ತು, ಅವನು ಮಡಿಚಗೊಟ್ಟ. ಕೊನೆಗೆ ಒಂದು ಬೆರಳು ಉಳಿಯಿತು. ಅದನ್ನು ಅವಳು ಮಡಿಚಲಿಲ್ಲ, ಹಿಡಿದುಕೊಂಡು ಕುಳಿತಳು.